ಹದಿನೇಳನೇ ಪೋರ್ಟು

17-10-2007, ಬುಧವಾರ

ಎರಡನೇ ಮಹಡಿಯ ಪ್ರಿಂಟರ್ ಮತ್ತೆ ಕಾಗದ ನುಂಗಿತು. ಬಿಡಿಸಿದೆ. ಹೆರಿಗೆ ವಾರ್ಡಿನ ಮೌಸ್ ಬದಲಿಸಿದೆ. ಮೂರು ತಿಂಗಳಲ್ಲಿ ನಾಲ್ಕನೆಯದು — ಅದರ ಮೇಲೆ ಏನು ರಾಗಿ ಬೀಸುತ್ತಾರೋ.

ಆಗಸ್ಟಿನಿಂದ ಲ್ಯಾಬ್ ರಿಪೋರ್ಟೆಲ್ಲ ನೇರ ವಾರ್ಡಿನ ಕಂಪ್ಯೂಟರಿಗೆ. ಕಾಗದ ಬಂದ್. ಆಸ್ಪತ್ರೆಯ ಮಾಲೀಕರು, ದೊಡ್ಡ ಡಾಕ್ಟರು, ಸ್ಟಾಫ್ ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರು. ಇಡೀ ಹಾಸನದಲ್ಲಿ ನಮ್ಮ ಆಸ್ಪತ್ರೆಯೇ ಮೊದಲಂತೆ. ಇರಬಹುದು.

ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಸೇರಿಸುವ ಹೊಸ ಸ್ವಿಚ್ ಬಂದು ತಿಂಗಳಾಯಿತು. ವೈರು ಚುಚ್ಚಲು ಇಪ್ಪತ್ನಾಲ್ಕು ಪೋರ್ಟು. ಅದರಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಅಂತ ಒಂದು ಕಾವಲು ಇದೆ. ಪ್ರತಿ ಕಂಪ್ಯೂಟರೂ ಆನ್ ಆದ ಕೂಡಲೇ "ನನ್ನ ನಂಬರೇನು?" ಅಂತ ಕೂಗುತ್ತದೆ. ನಮ್ಮ ಸರ್ವರ್ ಒಂದು ನಂಬರ್ ಕೊಡುತ್ತದೆ. ಬೇರೆ ಯಾವುದೋ ಡಬ್ಬಿ ನಡುವೆ ಬಾಯಿ ಹಾಕಿ ತನ್ನದೊಂದು ನಂಬರ್ ಕೊಟ್ಟರೆ ಆ ಪೆದ್ದು ಅದನ್ನೂ ನಂಬುತ್ತದೆ. ಯಾರು ಮೊದಲು ಉತ್ತರಿಸಿದರೋ ಅವರ ಮಾತು. ಸ್ನೂಪಿಂಗ್ ಹಾಕಿದರೆ ಸರ್ವರ್ ಇರುವ ಪೋರ್ಟಿನಿಂದ ಬಂದ ಉತ್ತರ ಮಾತ್ರ ಒಳಗೆ, ಮಿಕ್ಕದ್ದು ಬಾಗಿಲಲ್ಲೇ ಬಂದ್.

ನಾಲ್ಕು ಸಾಲು ಕಮಾಂಡ್. ಹಾಕಬೇಕು. ಒಂದು ಸಾಲು ತಪ್ಪಿದರೆ ಆಸ್ಪತ್ರೆಯೇ ನಿಂತುಹೋಗುತ್ತದೆ. ಹಬ್ಬ ಕಳೆಯಲಿ...

20-10, ಶನಿವಾರ. ಚನ್ನರಾಯಪಟ್ಟಣ

ಅತ್ತೆ ಮನೆ. ಮದುವೆಯಾದ ಮೇಲೆ ಮೊದಲ ದಸರಾ. ಊಟ ಬಡಿಸುವುದು ನಿಲ್ಲಿಸುವುದೇ ಇಲ್ಲ. ತನ್ಮಯಿ ತವರಲ್ಲಿ ಬೇರೆಯೇ ಹುಡುಗಿ, ನನ್ನನ್ನು ನೋಡಿ ನಗುತ್ತಾಳೆ.

ಊಟದ ಮಧ್ಯೆ ಮೊಬೈಲು. ಆಸ್ಪತ್ರೆಯ ಅಟೆಂಡರ್ ತಮ್ಮಯ್ಯ. ಪ್ರತಿ ವರ್ಷ ಆಯುಧಪೂಜೆಗೆ ಆಫೀಸು, ಓಪಿಡಿ, ಡಾಕ್ಟರ ರೂಮುಗಳ ಅಷ್ಟೂ ಕಂಪ್ಯೂಟರ್ ಬಿಚ್ಚಿ, ಒರೆಸಿ, ಕುಂಕುಮ ಇಟ್ಟು, ಮತ್ತೆ ಮೊದಲಿನ ಹಾಗೇ ಜೋಡಿಸುವವನು ಅವನೇ. ತಪ್ಪಬಾರದೆಂದು ಒಂದೊಂದು ವೈರಿಗೂ ಒಂದೊಂದು ಬಣ್ಣದ ದಾರ ಕಟ್ಟಿಕೊಳ್ಳುತ್ತಾನೆ.

"ಸಾ, ಅನಿಲ್‌ಕುಮಾರ್ ಡಾಕ್ಟ್ರು ರೂಮಲ್ಲಿ ಒಸಾ ಡಬ್ಬಿ ಐತೆ. ಎಲ್ಡು ಕೊಂಬು. ಹಿಂದ್ಗಡೆ ಐದು ತೂತು. ದಾರ ಕಟ್ಟೋದ್ ಮರ್ತ್‌ಬುಟ್ಟೆ. ಗೋಡೆ ವೈರು ಯಾವ್ ತೂತ್ಗೆ ಸಾ?"

"ಯಾವುದಕ್ಕಾದ್ರೂ ಹಾಕೋ ಮಾರಾಯ, ಎಲ್ಲಾ ಒಂದೇ" ಅಂದೆ. ಎಲೆಯ ಮೇಲೆ ಒಬ್ಬಟ್ಟು ಆರುತ್ತಿತ್ತು.

22-10, ಸೋಮವಾರ

ಬಂದ ಕೂಡಲೇ ಗಲಾಟೆ. ಓಪಿಡಿಯಲ್ಲಿ ಮೂರು ಕಂಪ್ಯೂಟರಿಗೆ ಲ್ಯಾಬ್ ಸಿಗುತ್ತಿಲ್ಲ. ರೀಸ್ಟಾರ್ಟ್ ಮಾಡಿದೆ. ಎರಡು ಸರಿಹೋದವು. ಅಷ್ಟರಲ್ಲಿ ಮಕ್ಕಳ ವಾರ್ಡಿನದು ಹೋಯಿತು. ಅದನ್ನು ಎಬ್ಬಿಸಿದರೆ ಬಿಲ್ಲಿಂಗ್ ಮಲಗಿತು.

ಕೇಬಲ್ ಬದಲಿಸಿದೆ. ವೈರಸ್ ಸ್ಕ್ಯಾನ್ ಮಾಡಿದೆ. ಸರ್ವರ್ ಮುಟ್ಟಿ ನೋಡಿದೆ, ಬಿಸಿ ಇಲ್ಲ. ಎಲ್ಲ ಸರಿಯಾಗಿಯೇ ಇದೆ, ಯಾವುದೂ ಸರಿಯಿಲ್ಲ.

23-10, ಮಂಗಳವಾರ

ಇದನ್ನು ಬರೆಯಲು ಮನಸ್ಸಿಲ್ಲ.

ಸಾಲಗಾಮೆಯ ನಂಜಮ್ಮ. ಮೂವತ್ತೆಂಟು ವರ್ಷ. ಡೆಂಗಿ. ಬೆಳಿಗ್ಗೆ ಹನ್ನೊಂದಕ್ಕೆ ಲ್ಯಾಬಿನವರು ಪ್ಲೇಟ್‌ಲೆಟ್ ರಿಪೋರ್ಟ್ ಹಾಕಿದ್ದಾರೆ — ಒಂದೂವರೆ ಲಕ್ಷ ಇರಬೇಕಾದದ್ದು ಹದಿನಾಲ್ಕು ಸಾವಿರ. ವಾರ್ಡಿನ ಕಂಪ್ಯೂಟರಿನಲ್ಲಿ ಬರಲೇ ಇಲ್ಲ. "ರಿಪೋರ್ಟ್ ಇನ್ನೂ ಆಗಿಲ್ಲ" ಅಂದುಕೊಂಡು ಸಿಸ್ಟರ್ ಕಾದಿದ್ದಾರೆ. ಮೊದಲಾಗಿದ್ದರೆ ತಮ್ಮಯ್ಯನೇ ಕಾಗದ ಹಿಡಿದು ಓಡಿರುತ್ತಿದ್ದ. ಕಾಗದ ನಿಲ್ಲಿಸಿದವನು ನಾನು.

ಮೂರು ಗಂಟೆಗೆ ಆಕೆಯ ವಸಡಿನಲ್ಲಿ ರಕ್ತ. ಆಮೇಲೆ ಎಲ್ಲರೂ ಓಡಿದರು. ಆಂಬುಲೆನ್ಸಿನಲ್ಲಿ ಮೈಸೂರಿಗೆ. ಗಂಡ ರಂಗಸ್ವಾಮಿ ಕಾರಿಡಾರಿನಲ್ಲಿ ನಿಂತು ಕೂಗಾಡಿದ. "ನಾಕ್ ಗಂಟೆ ಕಣ್ರೀ! ನಾಕ್ ಗಂಟೆ ಆ ಟೀವಿ ನೋಡ್ಕಂಡು ಕುಂತಿದ್ರಲ್ರೀ!"

ಸರ್ವರ್ ರೂಮಿನ ಬಾಗಿಲು ಹಾಕಿಕೊಂಡು ಕುಳಿತೆ.

24-10, ಬುಧವಾರ

ಸಿಕ್ಕಿತು.

ಕೆಟ್ಟ ಕಂಪ್ಯೂಟರುಗಳ ನಂಬರ್ ಒಂದೊಂದಾಗಿ ಬರೆದುಕೊಂಡೆ. ನಮ್ಮ ನಂಬರುಗಳೆಲ್ಲ ಹತ್ತರಿಂದ ಶುರು. ಇವುಗಳದ್ದು ನೂರ ತೊಂಬತ್ತೆರಡು. ನಮ್ಮದಲ್ಲದ ಯಾವುದೋ ಡಬ್ಬಿ ಆಸ್ಪತ್ರೆಯೊಳಗೆ ಕೂತು ನಂಬರ್ ಹಂಚುತ್ತಿದೆ. ಸ್ವಿಚ್ಚಿನ ಪಟ್ಟಿಯಲ್ಲಿ ಅದರ ಗುರುತು ಹುಡುಕಿದೆ. ಹದಿನೇಳನೇ ಪೋರ್ಟು. ಒಂದನೇ ಮಹಡಿ, ಅನಿಲ್‌ಕುಮಾರ್ ಡಾಕ್ಟರ ರೂಮು.

ಅವರು ಎಕ್ಸ್‌ರೇ ಡಾಕ್ಟರು. ದೊಡ್ಡ ಡಾಕ್ಟರ ಅಳಿಯ. ಸಿಂಗಪುರದಿಂದ ತಂದ ವೈರ್‌ಲೆಸ್ ಡಬ್ಬಿ, ಯಾರನ್ನೂ ಕೇಳದೆ ತಾವೇ ಹಾಕಿಕೊಂಡದ್ದು. ಹಬ್ಬಕ್ಕೆ ಮುಂಚೆ ವೈರು ಸರಿಯಾದ ತೂತಿನಲ್ಲಿತ್ತು, ಹಾಗಾಗಿ ಅದರ ಬಾಯಿ ಅವರ ರೂಮಿನೊಳಗೇ ಉಳಿದಿತ್ತು. ಮಿಕ್ಕ ನಾಲ್ಕರಲ್ಲಿ ಯಾವುದಕ್ಕೆ ಹಾಕಿದರೂ ಅದು ಊರಿಗೆಲ್ಲ ನಂಬರ್ ಹಂಚಲು ಕೂರುತ್ತದೆ.

ತಮ್ಮಯ್ಯನಿಂದ ಕೀಲಿ ತೆಗೆದುಕೊಂಡು ಹೋದೆ. ಡಬ್ಬಿಯ ಮೇಲೆ ಕುಂಕುಮ, ಒಣಗಿದ ಸೇವಂತಿಗೆ. ಗೋಡೆಯ ವೈರು ಮೂರನೇ ತೂತಿನಲ್ಲಿ.

ಎಲ್ಲಾ ಒಂದೇ ಅಂದಿದ್ದೆ.

25-10, ಗುರುವಾರ

ವೈರು ಬದಲಿಸಿದ್ದಾಯಿತು. ಸ್ನೂಪಿಂಗೂ ಹಾಕಿದೆ. ನಾಲ್ಕು ಸಾಲು. ಎಂಟು ನಿಮಿಷ ಹಿಡಿಯಿತು. ಏನೂ ನಿಲ್ಲಲಿಲ್ಲ, ಯಾರಿಗೂ ಗೊತ್ತೂ ಆಗಲಿಲ್ಲ. ಈ ಎಂಟು ನಿಮಿಷ ಹದಿನೇಳನೇ ತಾರೀಕೇ ನನ್ನ ಹತ್ತಿರ ಇತ್ತು. ನಾಚಿಕೆಗೇಡು.

ಮೈಸೂರಿಗೆ ಫೋನ್ ಮಾಡಿದೆ. ನಂಜಮ್ಮ ಐಸಿಯುನಲ್ಲಿ. ಪ್ರಜ್ಞೆ ಇದೆಯಂತೆ.

26-10, ಶುಕ್ರವಾರ

ಏಓ, ಅಂದರೆ ಆಡಳಿತಾಧಿಕಾರಿ, ತಿರುನಾರಾಯಣ ಅವರು ಕರೆಸಿದರು. ಒಂದು ಪುಟದ ರಿಪೋರ್ಟ್ ಬೇಕು, ಇಂಗ್ಲಿಷಿನಲ್ಲಿ.

ಬರೆದೆ. ಹರಿದೆ. ಮತ್ತೆ ಬರೆದೆ. ಡಾಕ್ಟರ ಹೆಸರು ಹಾಕಲು ಧೈರ್ಯ ಬರಲಿಲ್ಲ. ನನ್ನ ಹೆಸರು ಹಾಕಲು ಇನ್ನೂ ಇಲ್ಲ. ಕೊನೆಗೆ ಯಾರ ಹೆಸರೂ ಇಲ್ಲದ ಒಂದು ವಾಕ್ಯ ಸಿಕ್ಕಿತು — ಇಪ್ಪತ್ತನೇ ತಾರೀಕು ಕ್ಲೀನಿಂಗ್ ಆದ ನಂತರ ಹದಿನೇಳನೇ ಪೋರ್ಟಿಗೆ ಅನಧಿಕೃತ ಉಪಕರಣವೊಂದು ಸೇರಿಕೊಂಡಿದೆ. ಇಂಗ್ಲಿಷಿನಲ್ಲಿ ಇದೊಂದು ಸುಖ, ಎಲ್ಲವೂ ತಾನೇ ತಾನಾಗಿ ಆಗಿಬಿಡುತ್ತದೆ. ಬಹಳ ಜಾಣತನ ಮಾಡಿದೆ ಅಂದುಕೊಂಡೆ.

ತಿರುನಾರಾಯಣ ಕನ್ನಡಕ ಏರಿಸಿ ಎರಡು ಸಲ ಓದಿದರು. "ಚೆನ್ನಾಗಿ ಬರೆದಿದೀರಿ ಕೇದಾರ್." ಕ್ಲೀನಿಂಗ್ ಅನ್ನುವ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು. "ಆವತ್ತು ಕ್ಲೀನ್ ಮಾಡಿದ್ದು ಯಾರು?"

ಹೇಳಿದೆ. ಕೇಳಿದ್ದಕ್ಕೆ ಉತ್ತರ ತಾನೇ, ಹೇಳಿದೆ.

29-10, ಸೋಮವಾರ

ತಮ್ಮಯ್ಯನಿಗೆ ಸಸ್ಪೆಂಡ್ ಆರ್ಡರ್. ಒಂದು ವಾರದಲ್ಲಿ ಉತ್ತರ ಕೊಡಬೇಕು. ಇಲ್ಲದಿದ್ದರೆ ಕೆಲಸದಿಂದಲೇ ವಜಾ. ಹತ್ತೊಂಬತ್ತು ವರ್ಷದ ಸರ್ವೀಸು.

ಮಧ್ಯಾಹ್ನ ನೋಡಿದೆ. ಖಾಕಿ ಅಂಗಿ ಮಡಿಸಿ ಸ್ಟೋರಿನವರ ಕೈಗೆ ಕೊಡುತ್ತಿದ್ದ. ಗುಂಡಿ ಎಲ್ಲ ಹಾಕಿ, ನೀಟಾಗಿ. ನಾನು ಮೆಟ್ಟಿಲ ಕಡೆ ತಿರುಗಿಕೊಂಡೆ.

30-10, ಮಂಗಳವಾರ

ತಿರುನಾರಾಯಣ ಅವರ ಮುಂದೆ ಕುಳಿತೆ. "ಸರ್, ಆ ವೈರು ಹಾಗೆ ಹಾಕಲು ಫೋನಿನಲ್ಲಿ ಹೇಳಿದ್ದು—"

"ಕೇದಾರ್." ಕೈ ಎತ್ತಿದರು. "ಆ ಡಬ್ಬಿ ಯಾರದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನೀವು ಬಾಯಿ ಬಿಟ್ರೆ ಅದು ಅಲ್ಲಿಗೇ ಹೋಗಿ ನಿಲ್ಲತ್ತೆ. ಆಮೇಲೆ ನೀವೂ ಇರಲ್ಲ, ತಮ್ಮಯ್ಯನೂ ಉಳಿಯಲ್ಲ. ಅವನ ಹತ್ರ ತಪ್ಪಾಯ್ತು ಅಂತ ಒಂದು ಪತ್ರ ಬರೆಸಿ. ದೊಡ್ಡವರ ಕೈಲಿ ಹೇಳಿ ವಾಪಸ್ ತಗೊಳ್ಳೋಣ. ಪತ್ರ ಬರದೇ ಇದ್ರೆ ನನ್ನ ಕೈಲಿ ಏನೂ ಇಲ್ಲ."

ಕೆಟ್ಟ ಮನುಷ್ಯ ಅಲ್ಲ. ಅದೇ ಕಷ್ಟ.

31-10, ಬುಧವಾರ

ದೊಡ್ಡ ಡಾಕ್ಟರ ಚೇಂಬರ್ ಮುಂದೆ ಒಂದೂವರೆ ಗಂಟೆ ಕಾದೆ. ಮಾತು ಬಾಯಿಪಾಠ ಮಾಡಿಕೊಂಡಿದ್ದೆ. ಒಳಗೆ ಹೋದ ಕೂಡಲೇ ಅವರೇ ಶುರುಮಾಡಿದರು. "ಬಾಪ್ಪಾ ಕೇದಾರ್, ನಮ್ಮ ಅನಿಲ್ ರೂಮಲ್ಲಿ ವೈರಿಲ್ದೆ ನೆಟ್ ಬರುತ್ತಲ್ಲ, ಮನೇಗೂ ಅಂಥದ್ದೇ ಒಂದು ಹಾಕ್ಕೊಡಪ್ಪ."

"ಆಗಲಿ ಸರ್" ಅಂದೆ.

ಹೊರಗೆ ಬಂದೆ. ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸಿತು. ರಾತ್ರಿ ತನ್ಮಯಿಗೆ ಎಲ್ಲ ಹೇಳಿದೆ. "ಅವ್ರ ಮುಂದೆ ಆಗ್ಲಿಲ್ಲ ಅಂದ್ರೆ ತಮ್ಮಯ್ಯನ ಮುಂದಾದ್ರೂ ಹೇಳಿ" ಅಂದಳು.

4-11, ಭಾನುವಾರ. ಸಂಜೆ

ಹತ್ತು ಗಂಟೆ ಬಸ್ಸಿಗೆ ತಮ್ಮಯ್ಯನ ಊರು ಕೊರವಂಗಲಕ್ಕೆ ಹೋಗಿದ್ದೆ. ಹೇಳಲೆಂದೇ ಹೋದದ್ದು. ದಾರಿಯುದ್ದಕ್ಕೂ ಒಂದೇ ವಾಕ್ಯ — ತಪ್ಪು ನಿನ್ನದಲ್ಲ ತಮ್ಮಯ್ಯ, ನಾನು ಹೇಳಿದ್ದೇ ತಪ್ಪು.

ದೇವಸ್ಥಾನದ ಹಿಂದಿನ ಬೀದಿ. ನನ್ನನ್ನು ನೋಡಿ ಎದ್ದು ನಿಂತ, ಬನೀನಿನ ಮೇಲೆ ಟವೆಲು ಹೊದ್ದುಕೊಂಡ. ಹೆಂಡತಿ ಪಾರ್ವತಮ್ಮ ಚಾಪೆ ಹಾಸಿ ಕಾಫಿ ಕೊಟ್ಟರು. ಮೊದಲು ಅವನು ಕೇಳಿದ್ದು, "ಆ ನಂಜಮ್ಮ ಎಂಗವ್ರೆ ಸಾ?"

"ವಾರ್ಡಿಗೆ ಹಾಕಿದಾರೆ. ಊಟ ಮಾಡ್ತಿದಾರಂತೆ."

"ಅಪ್ಪಾ..." ಗೋಡೆಗೆ ಒರಗಿದ. "ನಿದ್ದೇನೇ ಇಲ್ಲ ಸಾ ನಂಗೆ. ಒಂದ್ ಜೀವ ಓಗ್‌ಬುಡೋದು ನನ್ ಕೈಯಿಂದ."

ಈಗ ಹೇಳಬೇಕು. ಬಾಯಿ ತೆರೆದೆ. "ತಮ್ಮಯ್ಯ, ಆವತ್ತು ಫೋನಲ್ಲಿ..."

"ಅದ್ನೇ ಯೋಚ್ನೆ ಮಾಡ್ತಾವ್ನಿ ಸಾ. ನೀವ್ ಸರ್ಯಾಗೇ ಏಳಿರ್ತೀರಿ, ಓದ್ದೋರು. ನಂಗೇ ಅರ್ಥ ಆಗ್ಲಿಲ್ಲ. ದಾರ ಕಟ್ಟೋದ್ ಮರ್ತೆ ನೋಡಿ, ಅಲ್ಲೇ ತಪ್ಪಿದ್ದು. ಅತ್ತೊಂಬತ್ ವರ್ಸದಲ್ಲಿ ಒಂದ್ ದಪನೂ ಮರ್ತಿರ್ನಿಲ್ಲ."

ನಾನು ಹೇಳಿದ್ದು ತಪ್ಪಿರಬಹುದು ಅನ್ನುವುದು ಅವನ ತಲೆಗೇ ಬಂದಿಲ್ಲ. ರೇಗಿದ್ದರೆ, ಒಂದು ಮಾತು ಬೈದಿದ್ದರೆ ನನಗೂ ಬಾಯಿ ಬರುತ್ತಿತ್ತೇನೋ. ಕಾಫಿ ಕುಡಿದೆ. ಲೋಟ ಖಾಲಿಯಾದ ಮೇಲೂ ಕುಡಿಯುತ್ತಾ ಕುಳಿತೆ.

ಪಾರ್ವತಮ್ಮ ಒಳಗಿನಿಂದ ಎರಡು ಬಿಳಿ ಹಾಳೆ ತಂದು ನನ್ನ ಮುಂದಿಟ್ಟರು. ತಮ್ಮಯ್ಯ ಕೈ ಮುಗಿದ. "ನಾಳೀಕ್ ಕಡೇ ದಿನ ಸಾ. ನಂಗೆ ರುಜು ಆಕಾದು ಬುಟ್ರೆ ಬರ್ಯಾಕ್ ಬರಾಕಿಲ್ಲ. ಏಓ ಸಾಯೇಬ್ರು ಅಂದ್ರು, ಕೇದಾರ್ ಕೈಲಿ ಬರ್ಸು, ಅವ್ರು ಚೆನ್ನಾಗ್ ಬರೀತಾರೆ ಅಂತ. ಒಂದ್ ತಪ್ಪೊಪ್ಗೆ ಬರ್ಕೊಡಿ ಸಾ."

ಆಗುವುದಿಲ್ಲ ಅಂದರೆ ಅವನ ಕೆಲಸ ಹೋಗುತ್ತದೆ. ಬರೆದರೆ ಕೆಲಸ ಉಳಿಯುತ್ತದೆ, ತಪ್ಪು ಜೀವನಪೂರ್ತಿ ಅವನದಾಗುತ್ತದೆ. ಮೂರನೆಯದೂ ಒಂದಿದೆ. ಅದಕ್ಕೆ ನಾನು ಬೇರೆ ಮನುಷ್ಯನಾಗಿರಬೇಕು.

"ಮನೇಲಿ ನಿಧಾನವಾಗಿ ಬರೆದು ತರ್ತೀನಿ" ಅಂದೆ. ಬಸ್ ಸ್ಟಾಪಿನ ತನಕ ಬಂದ. ಬಸ್ಸು ಹೊರಟ ಮೇಲೆ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದ. "ಸಾ, ಒಂದ್ ಮಾತು ಮರೀದೆ ಸೇರ್ಸಿ. ಕೇದಾರ್ ಸಾರ್ದು ಇದ್ರಾಗೆ ಏನೂ ತಪ್ಪಿಲ್ಲ, ಅವ್ರು ಸರ್ಯಾಗೇ ಏಳ್ಕೊಟ್ಟಿದ್ರು ಅಂತ. ನಾಳೆ ಯಾರಾರ ನಿಮ್ಮುನ್ನೂ ಕೇಳ್‌ಬುಟ್ರೆ?"

ಅದೇ ದಿನ, ಏಳೂವರೆ

ಹಾಳೆ ಕೆಡಬಾರದು, ಎರಡೇ ಇವೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಮಾನ್ಯರೇ,
ತಮ್ಮಯ್ಯ ಎಂಬ ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ದಿನಾಂಕ 20-10-2007ರಂದು ಪೂಜೆಯ ನಂತರ ಉಪಕರಣಗಳನ್ನು ಮರುಜೋಡಿಸುವಾಗ ನನ್ನ ಅಜಾಗರೂಕತೆಯಿಂದ ತಪ್ಪಾಗಿರುತ್ತದೆ. ಈ ಬಗ್ಗೆ ಶ್ರೀ ಕೇದಾರ್ ಅವರು ನನಗೆ ಫೋನಿನಲ್ಲಿ ಸರಿಯಾಗಿ