ಬಂದರಿನ ಮನೆಯಲ್ಲಿ ಮುಚ್ಚಿಟ್ಟ ತಟ್ಟೆ

ಸೋದರ ಸೊಸೆ ಪವಿತ್ರಾಳಿಗೆ, ದಬ್ಬೇಘಟ್ಟದಿಂದ ನಿನ್ನ ದುರ್ಗಯ್ಯ ಮಾವ ಬರೆಯುವುದು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಮಂಗಳೂರಿನಿಂದ ನಾನೊಬ್ಬನೇ ಬಂದು ಬಸ್ಸಿಳಿದ ಹೊತ್ತಿನಿಂದ ನಿನ್ನವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅದೊಂದು ಬಿಟ್ಟರೆ ಕ್ಷೇಮ. ಫೋನ್ ಮಾಡಬಹುದಿತ್ತು. ಫೋನ್ ಹಿಡಿದರೆ ನನ್ನ ಬಾಯಿಂದ ಜಂಬವೇ ಬರುತ್ತದೆ, ನಿನಗೆ ಗೊತ್ತು. ಅದಕ್ಕೇ ಕಾಗದ. ಓದಿದ್ದು ಏಳನೇ ಕ್ಲಾಸಾದರೂ ನಮ್ಮ ಸ್ಕೂಲಿನಲ್ಲಿ ನನ್ನಂಥ ಅಕ್ಷರ ಇನ್ನೊಬ್ಬರದಿರಲಿಲ್ಲ. ನೋಡು, ಇಲ್ಲೂ ಬಂತು.

ಮೀನು ತಿನ್ನೋಕೆ ಬಂದೆ ಎಂದು ನಿನಗೆ ಹೇಳಿದೆನಲ್ಲ, ಅದು ಸುಳ್ಳು. ನಿನ್ನನ್ನು ಕರೆದೊಯ್ಯಲು ಬಂದಿದ್ದೆ. ಮೋಹನ್ ಕುಮಾರನ ಬೋಟು ಕಡಲಿಗೆ ಹೋದದ್ದು ಯುಗಾದಿಗೆ ಮುಂಚೆ. ದೀಪಾವಳಿ ಬಂದರೂ ಬೋಟಿಲ್ಲ, ಅದರಲ್ಲಿದ್ದವರೂ ಇಲ್ಲ. "ಅಳಿಯ ಇನ್ನಿಲ್ಲ ಕಣೋ ದುರ್ಗ. ತಿಥಿ ಮಾಡಿಸಿ ಆ ಮಗೀನ ಕರ್ಕೊಂಡು ಬಂದ್ಬುಡು" ಎಂದು ನಿನ್ನವ್ವ ಅತ್ತಳು. "ನಾನು ಹೋದ ಮೇಲೆ ಬರಿಗೈಲಿ ಬತ್ತೀನೇನಕ್ಕಾ? ನಾಳಿದ್ದು ಸಂಜೆ ಬಸ್ಸಿಗೆ ಇಬ್ರೂ ಬತ್ತೀವಿ, ಮುದ್ದೆಗೆ ಎಸರಿಟ್ಟಿರು" ಎಂದು ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಾಲ್ಕು ಜನರ ಮುಂದೆ ಎದೆ ತಟ್ಟಿ ಬಸ್ ಹತ್ತಿದೆ. ಮೀನಿನ ಲಾರಿಯಲ್ಲಿ ಬಂದ ಮೋಹನ ನಿನ್ನನ್ನು ಕಂಡು ಮೆಚ್ಚಿದ್ದು ಅದೇ ಕ್ರಾಸಿನಲ್ಲಿ. ಈ ಮದುವೆಗೆ ಎಲ್ಲರನ್ನೂ ಒಪ್ಪಿಸಿದವನು ನಾನೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಈಗ ಬಾಯಿ ಬರುವುದಿಲ್ಲ.

ನಿಮ್ಮ ಬಂದರಿನ ಓಣಿಗಳಲ್ಲಿ ನಡೆದು ಬಂದೆ. ಹಿಂದೆ ಅರಬ್ಬರ ಹಡಗುಗಳು ಬಂದು ನಿಲ್ಲುತ್ತಿದ್ದ ಜಾಗವಂತೆ. ಹಳೇ ಹಂಚಿನ ಮಂಡಿಗಳು, ಮೆಣಸಿನಕಾಯಿ ಘಾಟು, ಒಣಮೀನಿನ ವಾಸನೆ. ಒಂದು ಹೋಟೆಲಿನ ಗೋಳಿಬಜೆ ಕರೆಯಿತು, ಇನ್ನೊಂದರಲ್ಲಿ ಬಂಗುಡೆ ಹುರಿಯುವ ಕಾವಲಿ ಕರೆಯಿತು. ಸೊಸೆಯ ಕೈಯಡುಗೆ ಇರುವಾಗ ಹೋಟೆಲಿನಲ್ಲಿ ಉಣ್ಣುವ ಗಂಡಸೇ ನಾನು? ಹಸಿದುಕೊಂಡೇ ನಿಮ್ಮ ಮನೆ ತಲುಪಿದೆ.

ಹೆಗಲ ಮೇಲಿನ ಚೀಲ ನೋಡಿ ನಿನ್ನ ಅತ್ತೆ ಜಗಲಿಯಲ್ಲೇ ನಕ್ಕರು. "ಕೊಬ್ಬರಿಯಾ? ನಮ್ಮಲ್ಲಿ ತೆಂಗಿನಕಾಯಿ ಇಲ್ವಾ ಮಾರಾಯ್ರೆ?"

"ಕಾಯಿ ಇರಬೋದು ಕಣ್ರೀ. ಅಟ್ಟದ ಮೇಲೆ ವರ್ಷ ಕಾದ ಕಾಯಿ ಐತಾ?" ಎಂದು ಬೀಗಿ ಒಳಗೆ ನುಗ್ಗಿದೆ.

ನಮ್ಮ ಕಡೆ ಸೋದರಮಾವ ಕರೆಯಲಿ ಎಂದು ಕಾದು ಕೂತರೆ ಮುನಿಸಿಕೊಂಡಿದ್ದಾನೆ ಎಂದೇ ಅರ್ಥ. ನೇರ ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆಯಬೇಕು. ತೆಗೆದೆ. ಮಣೆ ಹಾಕಿತ್ತು, ಚೊಂಬಿನಲ್ಲಿ ನೀರಿತ್ತು, ತಟ್ಟೆಯ ಮೇಲೆ ತಟ್ಟೆ ಮುಚ್ಚಿತ್ತು. ಕುಚಲಕ್ಕಿ ಅನ್ನ, ಬಂಗುಡೆ ಸಾರು. ನಿನ್ನ ಅತ್ತೆ ಹೊರಗಿನಿಂದ ಏನೋ ಕೂಗಿದರು. ಕೇಳಿಸಿಕೊಳ್ಳುವ ತಾಳ್ಮೆ ನನಗೆಲ್ಲಿ? ಕೂತು ಕಲಸಿದೆ.

ಆಗ ನೀನು ಹಿತ್ತಲಿನಿಂದ ಓಡಿ ಬಂದೆ. ಕೈಯಲ್ಲಿ ಸೋಪಿನ ನೊರೆ, ಬಾಗಿಲಿಗೆ ಭುಜ ತಾಗಿದ್ದೂ ನಿನಗೆ ತಿಳಿಯಲಿಲ್ಲ. ಅಂಥ ಮುಖವನ್ನು ನಾನು ನಿನ್ನ ಮದುವೆಯ ದಿನವೂ ಕಂಡಿರಲಿಲ್ಲ. ನನ್ನ ಸೊಸೆಗೆ ನಾನೆಂದರೆ ಎಷ್ಟು ಪ್ರಾಣ ಎಂದು ಒಳಗೊಳಗೇ ಉಬ್ಬಿಹೋದೆ. "ಏನೇ ಪವಿ, ಮಾವ ಬರೋದು ಯಾರೇ ಹೇಳಿದ್ದು? ಬಡಿಸೇ ಇಟ್ಟಿದ್ದೀಯಲ್ಲ!" ಎಂದೆ. ನೀನು ನನ್ನ ಮುಂದಿದ್ದ ತಟ್ಟೆ ನೋಡಿದೆ. ಆಮೇಲೆ ಕೈ ಒರೆಸಿಕೊಂಡು, "ತಣ್ಗಾಗಿತ್ತಲ್ಲ ಮಾವ, ಇರು, ಬಿಸಿ ಅನ್ನ ಹಾಕ್ತೀನಿ" ಎಂದೆ.

ನೀನು ಅಂಗಡಿಗೆ ಹೋದಾಗ ನಿನ್ನ ಅತ್ತೆ ಹೇಳಿದರು. "ಅದು ಮೋಹನನಿಗೆ ಬಡಿಸಿದ್ದು. ಬೋಟು ಹೋದಾಗಿನಿಂದ ಇಡ್ತಾಳೆ, ಸಂಜೆಗೆ ಅದನ್ನೇ ಅವಳು ತಿನ್ನುವುದು. ಇವತ್ತು ತಟ್ಟೆ ಸದ್ದು ಕೇಳಿ ಅವನೇ ಬಂದ ಅಂತ ತಿಳ್ಕೊಂಡಳು, ಪಾಪ."

ಪವಿತ್ರಾ, ಆ ಮುಖದ ಬೆಳಕು ನನಗಾಗಿ ಅಲ್ಲ. ಅದನ್ನು ಆರಿಸಿದ್ದು ಮಾತ್ರ ನಾನು.

ಮಾರನೆಯ ಮಧ್ಯಾಹ್ನ ನೀನು ಎರಡು ತಟ್ಟೆ ಇಟ್ಟೆ. ಒಂದು ನನಗೆ. ಇನ್ನೊಂದಕ್ಕೆ ಬಡಿಸಿ ಮುಚ್ಚಿದೆ. ನಾನು ತುರುವೇಕೆರೆ ಕೆರೆಯಲ್ಲಿ ಹಿಡಿದ ಆಳುದ್ದದ ಮೀನಿನ ಕಥೆ ಹೇಳಿದೆ. ನನ್ನ ಮರ್ಯಾದೆ ಕಾಯಲು ನೀನು ನಕ್ಕೆ. ತಿಥಿಯ ಮಾತನ್ನು ನಾನು ಎತ್ತಲೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ನೀನು "ಅವ್ವಂಗೆ ಏನ್ ಹೇಳ್ತೀಯ ಮಾವ?" ಎಂದೆ. "ಮೀನು ಚೆನ್ನಾಗಿತ್ತು ಅಂತೀನಿ" ಎಂದೆ ನಾನು. ಹಾಗೇ ಹೇಳಿದೆ. ಅವಳು ಮಾತು ಬಿಟ್ಟದ್ದು ಅದಕ್ಕೆ.

ಬಾ ಎಂದು ನಾನು ಕರೆಯುವುದಿಲ್ಲ. ನಿನಗೆ ಬರಬೇಕೆನಿಸಿದ ದಿನ ಬಾ. ಅನ್ನಿಸದಿದ್ದರೆ ಅಲ್ಲೇ ಇರು. ನಿನ್ನವ್ವನನ್ನು ನಾನು ನೋಡಿಕೊಳ್ಳುತ್ತೇನೆ.

ಕವರಿನ ಮೇಲೆ ಹೆಸರು ಬರೆಯುವಾಗ ಪೆನ್ನು ನಿಂತಿತು. ಆಮೇಲೆ "ಚಿರಂಜೀವಿ ಸೌಭಾಗ್ಯವತಿ ಪವಿತ್ರಾ" ಎಂದೇ ಬರೆದೆ. ನಂಬಿ ಬರೆದೆಯಾ ಮಾವ ಎಂದು ಮಾತ್ರ ಕೇಳಬೇಡ. ತಣ್ಣಗಾದರೂ ಸರಿ, ಹೊತ್ತಿಗೆ ಉಣ್ಣು ತಾಯಿ.

ನಿನ್ನ ಮಾವ,
ದುರ್ಗಯ್ಯ