ಭಜನೆ ಹಾಕಿದ ಮಾಷ್ಟ್ರಿಗೆ

ಮಾಷ್ಟ್ರೇ,

ಪ್ರೀತಿಯ ಅಂತ ಬರೆಯಲು ಕೈ ಬರಲಿಲ್ಲ, ಪೂಜ್ಯ ಅಂತ ಬರೆಯಲು ಮನಸ್ಸು ಬರಲಿಲ್ಲ. ಬರೀ ಮಾಷ್ಟ್ರೇ ಅಂತ ಇರಲಿ. ಹೈಸ್ಕೂಲಿನಲ್ಲಿ ನಿಮ್ಮನ್ನು ಕರೆದದ್ದೂ ಹಾಗೇ, ರೇಡಿಯೋ ಸ್ಟೇಷನ್ನಿನ ಜಗಲಿಯಲ್ಲಿ ನಿಂತು ಜಗಳ ಮಾಡಿದಾಗ ಕರೆದದ್ದೂ ಹಾಗೇ. ಮೊನ್ನೆ ನಿಮ್ಮ ವರ್ಷಾಂತಿಕವಾಯಿತು. ನನಗೆ ಊಟದ ಹೇಳಿಕೆ ಬರಲಿಲ್ಲ. ಬಂದಿದ್ದರೂ ನಾನು ಬರುತ್ತಿರಲಿಲ್ಲ, ಅದು ನಿಮಗೂ ಗೊತ್ತು.

ನೀವು ಕೋಡಿಯ ನಮ್ಮ ಮನೆಗೆ ಬಂದ ದಿನ ನಾನು ಅಂಗಳದಲ್ಲಿ ಮೀನು ಒಣಗಿಸುತ್ತಿದ್ದೆ. ಕುಂದಾಪುರದಲ್ಲಿ ಸಮುದಾಯ ರೇಡಿಯೋ ಶುರುವಾಗುತ್ತದೆ, ಅದು ಯಾವ ಸಾಹುಕಾರನದ್ದೂ ಅಲ್ಲ, ಕೇಳುವವರದ್ದೇ ಅಂದಿರಿ. ಕೇಳುವವರೇ ವರ್ಷಕ್ಕಿಷ್ಟು ಅಂತ ಕೊಟ್ಟು ಸದಸ್ಯರಾಗುವುದು, ಸದಸ್ಯರೇ ಓಟು ಹಾಕಿ ಆಡಳಿತ ಮಂಡಳಿ ಮಾಡುವುದು. ನನಗೆ ಅದೆಲ್ಲ ತಲೆಗೆ ಹೋಗಲಿಲ್ಲ. ಆದರೆ ನೀವು ಹೊರಡುವಾಗ ಹೇಳಿದ ಒಂದು ಮಾತು ಹೋಯಿತು. "ಜಲಜ, ನೀನು ಬೆಳಿಗ್ಗೆ ಅರ್ಧ ಗಂಟೆ ಮಾತಾಡು. ಪುಸ್ತಕದ ಕನ್ನಡ ಬೇಡ, ನಿನ್ನ ಮನೆಯ ಕನ್ನಡ ಸಾಕು." ನಾನು ಎಷ್ಟು ನಂಬಿದೆ ಮಾಷ್ಟ್ರೇ! ಮೀನು ಮಾರುವ ಹೆಂಗಸರು ಗಂಗೊಳ್ಳಿಯಿಂದ, ಕೋಡಿಯಿಂದ ಫೋನು ಮಾಡಿ ಮಾತಾಡುತ್ತಿದ್ದರು. ಗಾಳಿ ಹೇಗಿದೆ, ಯಾರ ಮನೆಯಲ್ಲಿ ಮದುವೆ, ಯಾರಿಗೆ ಹುಷಾರಿಲ್ಲ. ನೀವು ಗಾಜಿನ ಆಚೆ ಕೂತು ನಗುತ್ತಿದ್ದಿರಿ. ಆ ನಗು ಸುಳ್ಳಲ್ಲ ಅಂತ ಈಗಲೂ ಅನಿಸುತ್ತದೆ. ಅದಕ್ಕೇ ಸಿಟ್ಟು ಹೆಚ್ಚು.

ಪಾರಕ್ಕ ಫೋನು ಮಾಡಿದ ಬೆಳಿಗ್ಗೆ ನೆನಪಿದೆಯಾ? ಅದಕ್ಕೆ ಮೂರು ದಿನ ಹಿಂದೆ ದೋಣಿ ನಿಲ್ಲುವ ದಕ್ಕೆಯ ಹತ್ತಿರದ ಐಸ್ ಪ್ಲಾಂಟಿನಲ್ಲಿ ಅಮೋನಿಯಾ ಸೋರಿತ್ತು. ಪ್ಲಾಂಟಿನ ಧಣಿಯದೇ ಆದ ಪಕ್ಕದ ಶೆಡ್ಡಿನಲ್ಲಿ ಸಿಗಡಿ ಸುಲಿಯುತ್ತಿದ್ದ ಹೆಂಗಸರು ಉಸಿರುಕಟ್ಟಿ ಬಿದ್ದರು. ಪಾರಕ್ಕನೂ ಅಲ್ಲಿದ್ದರು, ಅವರ ತಂಗಿ ಗಿರಿಜಳೂ ಇದ್ದಳು. ಧಣಿ ಊರಿಗೆಲ್ಲ ಹೇಳಿದ್ದು, ಸೆಕೆಗೆ ತಲೆ ತಿರುಗಿ ಬಿದ್ದದ್ದು ಅಂತ. ಪಾರಕ್ಕ ಅಳಲಿಲ್ಲ, ಕೂಗಾಡಲಿಲ್ಲ. ಸಮಾಧಾನದಲ್ಲಿ ಶುರು ಮಾಡಿದರು. "ಹಿಂದಿನ ಬಾಗ್ಲಿಗೆ ಹೊರಗಿಂದ ಬೀಗ ಹಾಕಿದ್ರ್ ಕಾಣಿ, ಅದ್ಕೇ ನಮ್ಗೆ..." ಅಷ್ಟೇ. ನೀವು ಒಳಗೆ ಬಂದು ನನ್ನ ಮುಂದಿನಿಂದಲೇ ಕೈ ಚಾಚಿ ಅವರ ದನಿ ಇಳಿಸಿದಿರಿ, ಭಜನೆ ಹಾಕಿದಿರಿ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ತಾಳದ ಸದ್ದು. ಆಚೆ ತುದಿಯಲ್ಲಿ ಪಾರಕ್ಕ ಇನ್ನೂ ಮಾತಾಡುತ್ತಲೇ ಇದ್ದರಂತೆ, ಊರು ಕೇಳುತ್ತಿದೆ ಅಂದುಕೊಂಡು.

ಜಗಲಿಯಲ್ಲಿ ನಾನು ಕೇಳಿದ್ದಕ್ಕೆ ನೀವು ಮೊದಲು ಲೈಸೆನ್ಸಿನ ಮಾತಾಡಿದಿರಿ, ಆಮೇಲೆ ಕಾನೂನು, ಕೊನೆಗೆ ನಿಜ. ಸ್ಟೇಷನ್ನಿನ ಜನರೇಟರ್ ಕೊಟ್ಟದ್ದು ಐಸ್ ಪ್ಲಾಂಟಿನ ಧಣಿ. "ರೇಡಿಯೋ ಉಳಿದ್ರೆ ನಾಳೆ ಮಾತಾಡ್ಲಕ್ಕ್" ಅಂದಿರಿ. ಆ ನಾಳೆ ಯಾವಾಗ ಬಂತು? ಮರುವಾರ ನನ್ನ ಕಾರ್ಯಕ್ರಮವೇ ನಿಂತಿತು. ಆ ಹೊತ್ತಿಗೆ ಹಳೆಯ ಹಾಡು ಬಂತು. ಗಿರಿಜ ಅಂದಿನಿಂದ ಒಂದು ಕೊಡ ನೀರು ಎತ್ತಲಾರಳು, ಅಂಗಳ ದಾಟುವುದರೊಳಗೆ ಏದುಸಿರು. ಮಳೆಗಾಲ ಮುಗಿಯುವ ಮೊದಲು ನೀವು ಎದೆನೋವು ಅಂತ ಆಸ್ಪತ್ರೆ ಸೇರಿ ತೀರಿಕೊಂಡಿರಿ. ನನಗೆ ಒಂದು ಮಾತು ಹೇಳದೆ, ನನ್ನಿಂದ ಒಂದು ಮಾತು ಕೇಳದೆ. ಇದಕ್ಕಿಂತ ಅನುಕೂಲದ ಸಾವು ಇನ್ನೆಂತ ಬೇಕು?

ಈ ಸಲ ಮಂಡಳಿಯ ಚುನಾವಣೆಗೆ ನಿಲ್ಲುತ್ತೇನೆ ಅಂದಾಗ ಗಣಪ ಬಲೆ ಹೊಲಿಯುತ್ತಿದ್ದರು. ನನ್ನ ಗಂಡನ ಬಾಯಿಂದ ಮಾತು ಬರುವುದೇ ಕಡಿಮೆ, ನಿಮಗೆ ಗೊತ್ತಲ್ಲ. ನಾನು ಹೆಸರು ಕೊಟ್ಟ ಮಾರನೇ ದಿನವೇ ಧಣಿಯ ಪ್ಲಾಂಟಿನಲ್ಲಿ ನಮ್ಮ ದೋಣಿಗೆ ಐಸ್ ಇಲ್ಲ ಅಂದರು. ನಾನು ಹೆಸರು ವಾಪಸು ತೆಗೆಯಲೇ ಅಂತ ಕೇಳಿದೆ. "ನೀ ನಿಲ್ಲ್. ಐಸ್ ಮಲ್ಪೆಂದ ತಕಂಡ್ ಬತ್ತೆ" ಅಂದರು, ಅಷ್ಟೇ. ಮಂಡಳಿಗೆ ಏಳು ಜನ. ಧಣಿ ತಾನು ನಿಲ್ಲಲಿಲ್ಲ, ಏಳು ಜನರ ಒಂದು ತಂಡ ನಿಲ್ಲಿಸಿದರು. ಅದರ ಮುಂದಾಳು ಯಾರು? ನಿಮ್ಮ ಮಗ ಶ್ರೀಧರ. ಕರಪತ್ರದ ಮೇಲೆ ನಿಮ್ಮ ಫೋಟೋ, ಶಾಲು ಹೊದ್ದದ್ದು.

ಮನೆ ಮನೆ ತಿರುಗುವಾಗ ಒಂದು ಸಂಜೆ ನಿಮ್ಮ ಮನೆಗೂ ಹೋದೆ. ನಿಮ್ಮ ಹೆಂಡತಿಯೂ ಸದಸ್ಯರಲ್ಲವಾ, ಓಟು ಕೇಳದೆ ಬಿಡುವುದು ಹೇಗೆ? ಅಷ್ಟರೊಳಗೆ ಬೇಕಾದಷ್ಟು ಕೇಳಿಸಿಕೊಂಡಾಗಿತ್ತು. ಸತ್ತವರ ಮೇಲೆ ಸೇಡು ತೀರಿಸುತ್ತಾಳೆ ಅಂದವರಿದ್ದರು. ಮೀನು ಮಾರುವವಳಿಗೆ ಕುರ್ಚಿ ಯಾಕೆ ಅಂದವರಿದ್ದರು. ನಾನು ಬಂದದ್ದು ಕಂಡು ಕಿಟಕಿ ಮುಚ್ಚಿದವರೂ ಇದ್ದರು. ಆದರೆ ಶ್ರೀಧರ ಗೇಟಿನ ಹತ್ತಿರವೇ ಅಡ್ಡ ನಿಂತ. ಚಿಕ್ಕಂದಿನಿಂದ ಜಲಜಕ್ಕ ಅಂತ ಕರೆಯುತ್ತಿದ್ದವ ಏಕವಚನಕ್ಕೆ ಇಳಿದ.

"ಅಪ್ಪಯ್ಯ ಸತ್ತದ್ದ್ ನಿನ್ನ ದೆಸೆಯಿಂದ. ನೀ ಜಗಳ ಮಾಡಿದ ಮೇಲೆ ಅವ್ರ್ ಸಮ ಉಂಡದ್ದೇ ಇಲ್ಲೆ."

ನಾನು ತಿರುಗಿ ನಡೆದೆ. ನಿಜವಾ ಮಾಷ್ಟ್ರೇ? ಊಟ ಬಿಟ್ಟಿರಾ? ಬಿಡುವಷ್ಟು ಸಂಕಟ ಇದ್ದರೆ ಬಂದು ಪಾರಕ್ಕನ ಹತ್ತಿರ ಒಂದು ಮಾತು... ಹೋಗಲಿ. ಅವತ್ತು ರಾತ್ರಿ ನಾನು ಅತ್ತೆ. ನಿಮಗಾಗಿ ಅಂತ ಈಗಲೂ ಹೇಳಲಾರೆ.

ಓಟಿನ ಸಭೆಯ ದಿನ ಶಾಲೆಯ ಹಾಲಿನ ಮುಂದೆ ಒಂದು ಬಸ್ಸು ಬಂದು ನಿಂತಿತು. ಬ್ರಹ್ಮಾವರದ ಕಡೆಯವರು, ಎಲ್ಲ ಹೊಸದಾಗಿ ಸದಸ್ಯರಾದವರು. ನಮ್ಮ ರೇಡಿಯೋ ಅಲ್ಲಿಯವರೆಗೆ ಮುಟ್ಟುವುದೇ ಇಲ್ಲ! ಅಧ್ಯಕ್ಷತೆಗೆ ಒಬ್ಬರು ಹಿರಿಯ ವಕೀಲರಿದ್ದರು, ಅವರೂ ಧಣಿಯ ತಂಡದವರೇ. ಮಾತಾಡಲು ನನ್ನ ಸರದಿ ಬಂದಾಗ ನಾನು ಬಸ್ಸಿನವರನ್ನೇ ಕೇಳಿದೆ, ನಿಮ್ಮ ಮನೆಯಲ್ಲಿ ನಮ್ಮ ರೇಡಿಯೋ ಕೇಳುತ್ತದಾ ಅಂತ. ಒಬ್ಬ ಮುದುಕರು, ಊಟ ಇದೆ ಅಂದರು, ಹಾಗೆ ಬಂದೆ ಅಂದುಬಿಟ್ಟರು. ಹಾಲಿಗೆ ಹಾಲೇ ನಕ್ಕಿತು. ವಕೀಲರು ಮಾತ್ರ ನಗಲಿಲ್ಲ. ಸದಸ್ಯರು ಅಂದಮೇಲೆ ಸದಸ್ಯರೇ, ಓಟಿಗೆ ಅಡ್ಡಿಯಿಲ್ಲ ಅಂದರು.

ಆಗ ಹಿಂದಿನ ಬೆಂಚಿನಿಂದ ಪಾರಕ್ಕ ಎದ್ದು ಐಸ್ ಪ್ಲಾಂಟಿನ ಮಾತೆತ್ತಿದರು. ನಾನು ಹೇಳಿಕೊಟ್ಟದ್ದಲ್ಲ, ನಿಮ್ಮ ಮಗ ನಂಬದಿದ್ದರೂ ನೀವು ನಂಬಿ. ಧಣಿ ಮೊದಲ ಸಾಲಿನಲ್ಲಿದ್ದರು. ಅರ್ಧ ಕೇಳುವುದರೊಳಗೆ ತಿರುಗಿ, ಇದು ಶ್ರೋತೃಗಳ ಸಭೆ, ಮೀನು ಮಾರ್ಕೆಟ್ಟಲ್ಲ ಅಂದರು.

"ನಾವೂ ಶ್ರೋತೃಗಳೇ ಧಣಿ," ಅಂದರು ಪಾರಕ್ಕ. "ಇಷ್ಟ್ ದಿನ ನೀವ್ ಹೇಳಿದ್ದ್ ಕೇಂಡಿತ್ತ್. ಇವತ್ತ್ ನೀವ್ ಕೇಣಿ."

ಮತ್ತೆ ಎಲ್ಲ ಹೇಳಿದರು. ಬೀಗ ಹಾಕಿದ್ದು, ಬಾಗಿಲು ಬಡಿದದ್ದು, ಬೀಗದ ಕೈ ಇದ್ದವನು ಚಾ ಕುಡಿಯಲು ಹೋದದ್ದು, ಗಿರಿಜ ಬಾಗಿಲ ಸಂದಿಗೆ ಮೂಗು ಒತ್ತಿ ಬಿದ್ದದ್ದು. ಅವರ ದನಿ ಇಳಿಸಲು ಅಲ್ಲಿ ಯಾರ ಕೈಯಲ್ಲೂ ಏನೂ ಇರಲಿಲ್ಲ. ಬ್ರಹ್ಮಾವರದ ಒಬ್ಬ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದನ್ನು ನಾನು ಕಂಡೆ.

ಓಟು ಎಣಿಸಿದಾಗ ಆರು ಜನ ಧಣಿಯ ಕಡೆಯವರೇ ಗೆದ್ದರು. ಏಳನೆಯವಳಾಗಿ, ಕೊನೆಗೆ, ನಾನು. ಸೋತವನು ಶ್ರೀಧರ. ಖುಷಿಯಾಯಿತಾ ಅಂತ ಕೇಳಬೇಡಿ. ಅವನು ತಲೆ ತಗ್ಗಿಸಿ ಹೋಗುವಾಗ ಹಿಂದಿನಿಂದ ನಿಮ್ಮ ಹಾಗೇ ಕಂಡ. ಮರುದಿನವೇ ಧಣಿ ಲಾರಿ ಕಳಿಸಿ ಜನರೇಟರ್ ಹೊತ್ತುಕೊಂಡು ಹೋದರು. ಅದಕ್ಕೂ ಊರವರು ನನ್ನನ್ನೇ ಬೈದರು.

ಮೊದಲ ಮೀಟಿಂಗಿನಲ್ಲಿ ವಕೀಲರೇ ಅಧ್ಯಕ್ಷರಾದರು. ಮೊದಲ ವಿಷಯವೇ ನೀವು. ಸ್ಟುಡಿಯೋಗೆ ನಿಮ್ಮ ಹೆಸರು ಇಡಬೇಕಂತೆ. ನಾನು ಸಾಧ್ಯವೇ ಇಲ್ಲ ಅಂದೆ. ನಾನು ಒಬ್ಬಳು ಬೇಡ ಅಂದರೂ ಆಗುವುದು ಆಗುತ್ತಿತ್ತು. ಆದರೆ ವಕೀಲರಿಗೆ ಒಕ್ಕೊರಲು ಬೇಕಿತ್ತು, ನಿಮ್ಮ ಮನೆಯವರಿಗೆ ಸಮಾಧಾನವಾಗಲಿ ಅಂತ. ನನ್ನನ್ನು ಜಗಲಿಗೆ ಕರೆದರು, ಅದೇ ಜಗಲಿಗೆ. "ನೀವು ಕೈ ಎತ್ತಿ, ನಿಮ್ಮ ಕಾರ್ಯಕ್ರಮ ವಾಪಸು ಕೊಡಿಸುತ್ತೇನೆ" ಅಂದರು. ಲೈವ್ ಇರಬೇಕು, ಯಾರೂ ನಡುವೆ ಕೈ ಹಾಕಬಾರದು ಅಂದೆ. ಆಯಿತು ಅಂದರು, ಬರೆದೂ ಕೊಟ್ಟರು.

ಹಾಗಾಗಿ ಈ ಸುದ್ದಿ ನೀವು ನನ್ನಿಂದಲೇ ಕೇಳಿ. ನಿಮ್ಮ ಹೆಸರಿಗೆ ನಾನೂ ಕೈ ಎತ್ತಿದೆ. ಗೌರವದಿಂದ ಅಂತ ತಿಳಿಯಬೇಡಿ, ಕ್ಷಮಿಸಿದ್ದೇನೆ ಅಂತಲೂ ತಿಳಿಯಬೇಡಿ. ಅರ್ಧ ಗಂಟೆಗೆ ಬದಲಾಗಿ ನಿಮ್ಮ ಹೆಸರನ್ನು ಕೊಟ್ಟೆ, ಅಷ್ಟೇ. ಬಾಗಿಲ ಮೇಲೆ ಬೋರ್ಡು ಬಂದಾಗಿದೆ, ಅಕ್ಷರ ಚೆನ್ನಾಗಿದೆ. ಸೋಮವಾರ ಬೆಳಿಗ್ಗೆ ಆ ಬಾಗಿಲು ದೂಡಿಕೊಂಡು ಪಾರಕ್ಕ ಬರುತ್ತಾರೆ. ಮಾತಾಡುವುದು ಅವರಲ್ಲ, ಗಿರಿಜ. ಅವಳೇ ಕೇಳಿಕೊಂಡಳು. ಸ್ಟುಡಿಯೋ ಮಾಳಿಗೆಯಲ್ಲಿ, ಮೆಟ್ಟಿಲು ಹತ್ತಲು ಅವಳಿಂದ ಆಗುವುದಿಲ್ಲ. ಗಣಪ ಮತ್ತೆ ದೋಣಿಯವರು ಸೇರಿ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬರುತ್ತಾರೆ. ಅವಳಿಗೆ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ತೆಗೆದುಕೊಳ್ಳಬೇಕು, ಹೊತ್ತು ಹಿಡಿಯುತ್ತದೆ. ಹಿಡಿಯಲಿ. ಆ ಉಸಿರೂ ಊರಿಗೆ ಕೇಳಲಿ. ಅವಳು ಸಾಕು ಅನ್ನುವವರೆಗೆ ನಾನು ಮೈಕು ಮುಚ್ಚುವುದಿಲ್ಲ.

ಜಲಜ
ಕೋಡಿ