ಆರೋಗ್ಯವಂತರ ಸಾಲಿನಲ್ಲಿದ್ದ ಸೀಸೆ

ಬಾಗಲಕೋಟೆ
ಫೆಬ್ರವರಿ ೩೦, ೨೧೨೧

ಪೂಜ್ಯ ಮುತ್ತಜ್ಜಿ ಬನಶಂಕರವ್ವನವರಿಗೆ, ನಿಮ್ಮ ಮರಿಮೊಮ್ಮಗಳು ಇಳಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನೀವಿರುವ ೨೦೨೬ಕ್ಕೂ ನನಗೂ ನಡುವೆ ತೊಂಬತ್ತೈದು ವರ್ಷಗಳಿವೆ.

ಹಿಮದಷ್ಟು ತಣ್ಣಗೆ ಕಾಪಿಟ್ಟ ಹಳೆಯ ರಕ್ತವನ್ನು ಪರೀಕ್ಷಿಸುವುದು ನನ್ನ ಕೆಲಸ. ಮೈ ಕಾಯುವ ಕಣಗಳು ಎಷ್ಟು ಸಕ್ಕರೆ ಉರಿಸುತ್ತಿವೆ ಎಂದು ತೋರಿಸುವ ಯಂತ್ರಕ್ಕೆ ನಾವು ಉರಿಗನ್ನಡಿ ಎನ್ನುತ್ತೇವೆ. ಸುಮ್ಮನಿರುವ ಕಣ ಮಂಕಾಗಿ ಕಾಣುತ್ತದೆ. ದಾಳಿಗೆ ಎದ್ದದ್ದು ಸಕ್ಕರೆಯನ್ನು ಗಬಗಬನೆ ತಿಂದು ಕೆಂಡದಂತೆ ಹೊಳೆಯುತ್ತದೆ. ಕೆಲವರಲ್ಲಿ ಈ ಕಾವಲಿನ ಕಣಗಳು ತಪ್ಪು ತಿಳಿದು ತಮ್ಮದೇ ಗಂಟಲಿನ ಥೈರಾಯ್ಡ್ ಗ್ರಂಥಿಯ ಮೇಲೆ ಬೀಳುತ್ತವೆ. ಗ್ರಂಥಿ ಸವೆದಂತೆಲ್ಲ ಮೈಯ ಕಸುವು ಇಳಿಯುತ್ತದೆ.

ಮೊನ್ನೆ ೨೦೨೬ರ ಸೀಸೆಯೊಂದನ್ನು ಇಟ್ಟೆ. ಕನ್ನಡಿ ತುಂಬ ಕೆಂಡ. ಚೀಟಿಯಲ್ಲಿ ಮಾತ್ರ ‘ಆರೋಗ್ಯವಂತರು, ರೋಗಿಗಳೊಂದಿಗೆ ಹೋಲಿಕೆಗಾಗಿ’ ಎಂದಿತ್ತು. ಕೆಳಗೆ ನಿಮ್ಮ ಹೆಸರು, ಗುಳೇದಗುಡ್ಡ, ನೇಕಾರಿಕೆ, ವಯಸ್ಸು ಮೂವತ್ತೊಂದು. ನಾನು ಕುರ್ಚಿ ಬಿಟ್ಟು ಎದ್ದೇಬಿಟ್ಟೆ.

ದಾಖಲೆಯಲ್ಲಿ ನಿಮ್ಮ ದನಿಯೂ ಇತ್ತು. ರಕ್ತ ತೆಗೆದ ನರ್ಸ್ ಕೇಳುತ್ತಾರೆ: “ಏನರ ತ್ರಾಸ ಐತೇನ್ರಿ?” ನೀವು ನಗುತ್ತೀರಿ. “ಏನಿಲ್ರಿ ಸಿಸ್ಟರ್. ಮಧ್ಯಾಹ್ನ ಆತಂದ್ರ ಮಗ್ಗದ ಮ್ಯಾಲೆ ಕೈ ಏಳಂಗಿಲ್ಲ. ಬ್ಯಾಸಿಗ್ಯಾಗೂ ಚಳಿ. ನಮ್ಮತ್ತಿ ಮೈಗಳ್ಳಿ ಅಂತಾರ, ಖರೇನ ಇರಬೇಕು.” ಅಂದಿನ ಪರೀಕ್ಷೆಯಲ್ಲಿ ಥೈರಾಯ್ಡ್ ಹಾರ್ಮೋನಿನ ಅಂಕಿ ಮಿತಿಯೊಳಗೇ ಇತ್ತು. ಅಷ್ಟಕ್ಕೇ ಬಿಟ್ಟರು.

ಇನ್ನೊಂದು ದಾಖಲೆ ಎಂಟು ವರ್ಷಗಳ ನಂತರದ್ದು. ಡಿಸೆಂಬರ್ ತಿಂಗಳು. ಮುಖ ಊದಿ, ಮೈ ತಣ್ಣಗಾಗಿ, ಪ್ರಜ್ಞೆಯಿಲ್ಲದ ನಿಮ್ಮನ್ನು ಆಸ್ಪತ್ರೆಗೆ ತಂದರು. ಆಮೇಲೆ ಎರಡೇ ದಿನ ಬದುಕಿದ್ದಿರಿ.

ಮುತ್ತಜ್ಜಿ, ನಮ್ಮ ಮನೆಯಲ್ಲಿ ಇಂದಿಗೂ ತಡವಾಗಿ ಎದ್ದವರನ್ನು ‘ಬನಶಂಕರವ್ವ’ ಎಂದು ಬೈಯುತ್ತಾರೆ. ನಾನೂ ಬೈಸಿಕೊಂಡಿದ್ದೇನೆ. ನನ್ನ ಮಕ್ಕಳನ್ನು ಹಾಗೇ ಬೈದಿದ್ದೇನೆ. ನಿಮ್ಮ ದನಿಯನ್ನು ಅವ್ವನಿಗೆ ಕೇಳಿಸಿದೆ. “ಇನ್ನೊಮ್ಮೆ ಹಚ್ಚು,” ಅಂದಳು. ಆಮೇಲೆ, “ಅಕಿ ಬಾಯಿಬಿಟ್ಟು ಹೇಳ್ಯಾಳಲ್ಲ ಇಳಾ, ಹೇಳ್ಯಾಳ,” ಎನ್ನುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು.

ಈ ಕಾಗದ ಹೇಗಾದರೂ ನಿಮ್ಮ ಕೈ ಸೇರಿದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ. ಹಾರ್ಮೋನಿನ ಅಂಕಿಯೊಂದೇ ಸಾಲದು, ಥೈರಾಯ್ಡಿನ ಮೇಲೆ ಬೀಳುವ ಪ್ರತಿಕಾಯಗಳನ್ನೂ ನೋಡಿ ಎಂದು ಹಟ ಹಿಡಿಯಿರಿ. ವರ್ಷವರ್ಷವೂ ತೋರಿಸಿ. ಗುಳಿಗೆ ಬರೆದುಕೊಟ್ಟರೆ ಒಂದು ದಿನವೂ ತಪ್ಪಿಸಬೇಡಿ.

ಇನ್ನೆರಡು ವರ್ಷಕ್ಕೆ ನಿಮಗೊಬ್ಬ ಮಗಳು ಹುಟ್ಟುತ್ತಾಳೆ, ನನ್ನ ಅಜ್ಜಿ. ಆ ಡಿಸೆಂಬರಿನಲ್ಲಿ ಅವಳಿಗೆ ಆರೇ ವರ್ಷ.

ನಿಮ್ಮ
ಇಳಾ